ಮುಖವಾಡದ ಸಮಾನತೆ ನಮಗೆ ಬೇಡ

ಕಳೆದ ತಿಂಗಳು ನಮ್ಮೂರಿನ ಶಿವಾನುಭವ ಗೋಷ್ಠಿಯಲ್ಲಿ ಒಂದು ಸಲಹೆ ಬಂತು. ಬೆಂಗಳೂರಿನಲ್ಲಿ ಕೆಲಸ ಮಾಡುವ, ನಮ್ಮೂರಿನವನೇ ಆದ ಎಂಜಿನಿಯರ್ ತರುಣನೊಬ್ಬ ಎದ್ದು ನಿಂತು, ‘ನಾವೊಂದು ವರ್ಚುಯಲ್ ಅನುಭವ ಮಂಟಪ ಕಟ್ಟೋಣ’ ಎಂದ. ಕಣ್ಣಿಗೆ ಒಂದು ಹೆಡ್‌ಸೆಟ್ ಕಟ್ಟಿಕೊಂಡರೆ ಸಾಕು, ಅಮೆರಿಕದಲ್ಲಿರುವವರೂ ಅಫಜಲಪುರದಲ್ಲಿರುವವರೂ ಒಂದೇ ಮಂಟಪದಲ್ಲಿ ಕೂತ ಹಾಗೆ ಆಗುತ್ತದೆ, ಪ್ರತಿಯೊಬ್ಬರೂ ತಮಗೆ ಬೇಕಾದ ರೂಪ ತೊಟ್ಟು ಬರಬಹುದು ಎಂದು ವಿವರಿಸಿದ. ‘ಅಲ್ಲಿ ಜಾತಿ ಇಲ್ಲ, ಹೆಣ್ಣು ಗಂಡೆಂಬ ಭೇದ ಇಲ್ಲ, ಬಡವ ಬಲ್ಲಿದ ಇಲ್ಲ. ಬಸವಣ್ಣನವರು ಕಂಡ ಕನಸು ಅದೇ ಅಲ್ಲವೇ?’ ಎಂದು ಕೇಳಿದ. ಚಪ್ಪಾಳೆ ಬಿತ್ತು. ಇಬ್ಬರು ದಾನಿಗಳು ಅಲ್ಲಿಯೇ ಮುಂದೆ ಬಂದರು. ಪ್ರಸಾದ ನಿಲಯದ ಅಡುಗೆಮನೆಯ ಸೋರುವ ಛಾವಣಿಗೆ ಎರಡು ವರ್ಷದಿಂದ ದಾನಿಗಳ ಮನೆ ಬಾಗಿಲು ತಟ್ಟುತ್ತಿರುವವನು ನಾನು. ಆ ಇಬ್ಬರ ಮನೆಯ ಬಾಗಿಲನ್ನೂ ತಟ್ಟಿದ್ದೆ.

ಆ ದಿನ ಎದ್ದು ವಿರೋಧಿಸಿದೆ. ಆದರೆ ಹೊತ್ತು ಮೀರಿತ್ತು, ದನಿ ಏರಿತ್ತು, ಮಾತು ಸರಿಯಾಗಿ ಮೂಡಲಿಲ್ಲ. ‘ಮಾಸ್ತರರಿಗೆ ವಯಸ್ಸಾಯಿತು, ಹೊಸದೆಂದರೆ ಭಯ’ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ನನಗೂ ಕೇಳಿಸಿತು. ಆದ್ದರಿಂದ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಮರುದಿನವೇ ಆ ತರುಣನ ಹೆಡ್‌ಸೆಟ್ಟನ್ನು ನಾನೂ ಕಟ್ಟಿಕೊಂಡು ನೋಡಿದೆ. ಅರ್ಧ ಗಂಟೆ ಮೊಣಕಾಲು ನೋವು ಮರೆತೇಹೋಗಿತ್ತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ತೆಗೆದಿಟ್ಟು ಎದ್ದೆ, ನೋವು ಇದ್ದಲ್ಲಿಯೇ ಇತ್ತು.

ಮೊದಲು ಈ ಲೋಕಗಳ ಕಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಇವು ನಿನ್ನೆ ಮೊನ್ನೆ ಹುಟ್ಟಿದವಲ್ಲ. ೧೯೮೬ರಲ್ಲಿಯೇ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ‘ಹ್ಯಾಬಿಟ್ಯಾಟ್’ ಎಂಬ ಲೋಕವನ್ನು ಮನೆಯ ಸಣ್ಣ ಕಂಪ್ಯೂಟರಿನಲ್ಲಿ ಪ್ರಯೋಗಕ್ಕೆ ಇಳಿಸಿತು. ಟೆಲಿಫೋನ್ ತಂತಿಯ ಮೂಲಕ ಹಲವರು ಒಂದೇ ಚಿತ್ರಲೋಕದೊಳಗೆ ಓಡಾಡುವ ಏರ್ಪಾಡು ಅದು. ತೆರೆಯ ಮೇಲಿನ ಬೊಂಬೆಗೆ ಅವರು ಕೊಟ್ಟ ಹೆಸರು ‘ಅವತಾರ್’, ನಮ್ಮ ನೆಲದ ಪದವೇ. ದೇವರು ಅವತಾರ ಎತ್ತಿ ಬರುತ್ತಾನೆಂಬುದನ್ನೇ ಒಪ್ಪದ ಪರಂಪರೆ ನಮ್ಮದು. ಈಗ ಭಕ್ತನೇ ಅವತಾರ ಎತ್ತಬೇಕಂತೆ!

ಆ ಹೊಸ ಲೋಕದಲ್ಲಿ ಆದದ್ದೇನು? ಕಳ್ಳತನ, ಕೊಲೆ. ಬೊಂಬೆ ಬೊಂಬೆಯನ್ನು ಕೊಂದರೆ ಅದು ಅಪರಾಧವೋ ಆಟವೋ ಎಂದು ಅಲ್ಲಿನವರೇ ವಾದಕ್ಕಿಳಿದರು. ನಿಜಜೀವನದಲ್ಲಿ ಪಾದ್ರಿಯಾಗಿದ್ದ ಒಬ್ಬ ಆಟಗಾರ ಅಲ್ಲಿಯೇ ಒಂದು ಚರ್ಚ್ ತೆರೆದ. ‘ಆರ್ಡರ್ ಆಫ್ ದ ಹೋಲಿ ವಾಲ್‌ನಟ್’ ಎಂಬುದು ಅದರ ತಮಾಷೆಯ ಹೆಸರು. ಆಯುಧ ಹಿಡಿಯಬಾರದು, ಕದಿಯಬಾರದು, ಹಿಂಸೆಗೆ ಇಳಿಯಬಾರದು ಎಂಬುದು ಶಿಷ್ಯರಿಗೆ ಹಾಕಿದ ಕಟ್ಟಳೆ. ಹೊಸ ಲೋಕ ಹುಟ್ಟಿದ ಕೂಡಲೇ ಹಳೆಯ ಬೋಧೆಯೇ ಬೇಕಾಯಿತು. ಏಕೆಂದರೆ ಒಳಗೆ ಹೋದವರು ಹಳೆಯ ಮನುಷ್ಯರೇ.

‘ಮೆಟಾವರ್ಸ್’ ಎಂಬ ಪದ ೧೯೯೨ರಲ್ಲಿ ನೀಲ್ ಸ್ಟೀಫನ್‌ಸನ್ ಬರೆದ ಕಾದಂಬರಿಯೊಂದರಿಂದ ಬಂತು. ಅದೇ ಕಾಲದಲ್ಲಿ ‘ಲ್ಯಾಂಬ್ಡಾಮೂ’ ಎಂಬ ಇನ್ನೊಂದು ಲೋಕವಿತ್ತು. ಅಲ್ಲಿ ಚಿತ್ರವೂ ಇರಲಿಲ್ಲ, ಬರೀ ಅಕ್ಷರ. ಒಬ್ಬ ಬಳಕೆದಾರ ಬೇರೆಯವರ ಪಾತ್ರಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಎಲ್ಲರ ಎದುರು ಅವರ ಮೇಲೆ ಅತ್ಯಾಚಾರ ನಡೆದಂತೆ ಸಾಲುಗಳನ್ನು ಬರೆದ. ‘ಅಕ್ಷರದಿಂದ ಏನಾದೀತು?’ ಎನ್ನಬೇಡಿ. ಹಾಗೆ ಗುರಿಯಾದ ಹೆಣ್ಣುಮಗಳೊಬ್ಬಳು ತನ್ನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅತ್ತಳು. ಅಲ್ಲಿನ ನಿವಾಸಿಗಳು ಸಭೆ ಸೇರಿದರು, ತೀರ್ಮಾನಕ್ಕೆ ಬರಲಾಗದೆ ಚದುರಿದರು. ಕೊನೆಗೆ ನಿರ್ವಾಹಕನೊಬ್ಬ ಆ ಪಾತ್ರವನ್ನು ಅಳಿಸಿಹಾಕಿದ. ಅದರ ಹಿಂದಿದ್ದವನು ಇನ್ನೊಂದು ಹೆಸರು ತೊಟ್ಟು ಮರಳಿದ. ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ ೧೯೯೩ರಲ್ಲಿ ಇದನ್ನು ದಾಖಲಿಸಿದ್ದಾನೆ.

ಮುಂದಿನದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ೨೦೦೩ರಲ್ಲಿ ‘ಸೆಕೆಂಡ್ ಲೈಫ್’ ಬಂತು. ೨೦೦೭ರಲ್ಲಿ ಸ್ವೀಡನ್ ದೇಶ ಅಲ್ಲಿ ತನ್ನ ಒಂದು ರಾಯಭಾರ ಭವನವನ್ನೇ ತೆರೆಯಿತು. ೨೦೨೧ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ‘ಮೆಟಾ’ ಎಂದು ಬದಲಿಸಿಕೊಂಡಿತು. ಈ ಲೋಕ ಕಟ್ಟುವ ವಿಭಾಗದಲ್ಲಿ ೨೦೨೨ ಒಂದೇ ವರ್ಷ ಅದಕ್ಕಾದ ನಷ್ಟ ಸುಮಾರು ೧,೩೭೦ ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇಷ್ಟು ಸುರಿದು ಕಟ್ಟಿದ ಲೋಕದಲ್ಲಿ ಮನುಷ್ಯರು ಮೊದಲು ಹೇಗಿದ್ದರು ಗೊತ್ತೇ? ಸೊಂಟದಿಂದ ಕೆಳಗೆ ಏನೂ ಇಲ್ಲದೆ ಗಾಳಿಯಲ್ಲಿ ತೇಲುವ ಬೊಂಬೆಗಳು. ಕಾಲು ಬರಲಿವೆ ಎಂಬುದನ್ನೇ ೨೦೨೨ರಲ್ಲಿ ದೊಡ್ಡ ಸುದ್ದಿಯಾಗಿ ಸಾರಿದರು. ಹೆಣ್ಣು ರೂಪ ತೊಟ್ಟವರನ್ನು ಅಲ್ಲಿಯೂ ಸುತ್ತುವರಿದು ಕಾಡಿದ ದೂರುಗಳು ಬಂದವು. ಪರಿಹಾರವಾಗಿ, ಇಬ್ಬರ ನಡುವೆ ಸುಮಾರು ನಾಲ್ಕು ಅಡಿ ಅಂತರ ಉಳಿಸುವ ಕಾಣದ ಬೇಲಿಯನ್ನು ಆ ವರ್ಷದ ಫೆಬ್ರವರಿಯಲ್ಲಿ ಹಾಕಿದರು. ಬೇಲಿ ಬೇಕಾಗಿತ್ತು, ನಾನು ಗೇಲಿ ಮಾಡುತ್ತಿಲ್ಲ. ಆದರೆ ರೂಪ ಬದಲಾದರೆ ಮನಸ್ಸು ಬದಲಾಗುತ್ತದೆ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ಈಗ ಆ ತರುಣನ ಮುಖ್ಯ ಮಾತಿಗೆ ಬರುತ್ತೇನೆ. ‘ಅಲ್ಲಿ ಜಾತಿ ಇಲ್ಲ.’ ಈ ಮಾತಿನಲ್ಲಿ ಸೆಳೆತವಿದೆ, ಆದ್ದರಿಂದಲೇ ಇದು ಅಪಾಯಕಾರಿ.

ಅನುಭವ ಮಂಟಪದಲ್ಲಿ ಕೂತವರ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮಡಿವಾಳ ಮಾಚಿದೇವ. ಅಂಬಿಗರ ಚೌಡಯ್ಯ. ಡೋಹರ ಕಕ್ಕಯ್ಯ. ಮೇದಾರ ಕೇತಯ್ಯ. ಹಡಪದ ಅಪ್ಪಣ್ಣ. ನುಲಿಯ ಚಂದಯ್ಯ. ಕದಿರ ರೆಮ್ಮವ್ವೆ. ಸೂಳೆ ಸಂಕವ್ವೆ. ಇವರಲ್ಲಿ ಒಬ್ಬರಾದರೂ ರೂಪ ಮರೆಸಿಕೊಂಡು ಒಳಗೆ ಬಂದರೇ? ಬಟ್ಟೆ ಒಗೆದ ಕೈ, ಹುಟ್ಟು ಹಾಕಿದ ಕೈ, ತೊಗಲು ಹದ ಮಾಡಿದ ಕೈ, ಬಿದಿರು ಸೀಳಿದ ಕೈ ಹಾಗೆಯೇ ಬಂದವು. ಊರು ಯಾವ ಹೆಸರನ್ನು ಹಿಡಿದು ಅವರನ್ನು ಹೊರಗಿಟ್ಟಿತ್ತೋ ಆ ಹೆಸರನ್ನೇ ಮುಂದಿಟ್ಟುಕೊಂಡು ಅವರು ಕೂತರು. ಮಂಟಪ ಅವರಿಗೆ ‘ನಿಮ್ಮ ಗುರುತು ಬಿಟ್ಟು ಬನ್ನಿ’ ಎನ್ನಲಿಲ್ಲ. ಎದುರಿಗೆ ಕೂತವರಿಗೆ ‘ನಿಮ್ಮ ಹೇಸಿಕೆ ಬಿಟ್ಟು ಬನ್ನಿ’ ಎಂದಿತು.

ಇವೆರಡರ ನಡುವಿನ ವ್ಯತ್ಯಾಸವನ್ನು ಗಮನಿಸಿ. ಒಂದರಲ್ಲಿ ಅವಮಾನಿತನು ತನ್ನನ್ನು ಮರೆಮಾಚಿಕೊಳ್ಳಬೇಕು. ಇನ್ನೊಂದರಲ್ಲಿ ಅವಮಾನಿಸುವವನು ತನ್ನನ್ನು ತಿದ್ದಿಕೊಳ್ಳಬೇಕು. ಹೆಡ್‌ಸೆಟ್ಟಿನ ಸಮಾನತೆ ಮೊದಲನೆಯ ಬಗೆಯದು. ಅಲ್ಲಿ ನನ್ನ ಪಕ್ಕದಲ್ಲಿ ಕೂತ ಬೊಂಬೆಯ ಹಿಂದೆ ಯಾರಿದ್ದಾರೆಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ನಾನು ಸರಿದು ಕೂರುವುದಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನು? ಕಣ್ಣು ಕಟ್ಟಿದವನು ಪಂಕ್ತಿಭೇದ ಮಾಡಲಿಲ್ಲ ಎಂದು ಯಾರಾದರೂ ಹಾರ ಹಾಕುತ್ತಾರೆಯೇ?

ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದದ್ದನ್ನು ನೆನೆಯಿರಿ. ಆ ಇಬ್ಬರೂ ಎರಡು ಅವತಾರ್‌ಗಳಾಗಿ ಯಾವುದೋ ಮಾಯಾಮಂಟಪದಲ್ಲಿ ಹಾರ ಬದಲಿಸಿಕೊಂಡಿದ್ದರೆ ಬಿಜ್ಜಳನ ಆಸ್ಥಾನದಲ್ಲಿ ಒಂದು ದೀಪವೂ ಅಲುಗುತ್ತಿರಲಿಲ್ಲ. ಕೊಂಡಿ ಮಂಚಣ್ಣ ಚಾಡಿ ಹೇಳುತ್ತಿರಲಿಲ್ಲ. ಯಾರನ್ನೂ ಎಳೆಹೂಟೆ ಶಿಕ್ಷೆಗೆ ಒಡ್ಡುತ್ತಿರಲಿಲ್ಲ. ಆ ಮದುವೆ ಸಿಂಹಾಸನವನ್ನು ನಡುಗಿಸಿದ್ದು ಎರಡು ನಿಜವಾದ ಮನೆಗಳು, ಎರಡು ನಿಜವಾದ ಒಲೆಗಳು, ನಾಳೆ ಹುಟ್ಟಬಹುದಾದ ಒಂದು ನಿಜವಾದ ಕೂಸು ಅದರಲ್ಲಿ ಇದ್ದುದರಿಂದ. ಯಾರಿಗೂ ನೋವಾಗದ ಸಮಾನತೆ ಯಾರನ್ನೂ ಬದಲಿಸುವುದಿಲ್ಲ.

ಇನ್ನು ಮುಖವಾಡದ ಮಾತು. ಅದು ನೆರೆಯವನಿಂದ ನಮ್ಮನ್ನು ಮರೆಮಾಡುತ್ತದೆ, ನಿಜ. ಆದರೆ ಆ ಲೋಕದ ಯಜಮಾನನಿಂದ? ಕಂಪನಿಗೆ ನಮ್ಮ ತಲೆ ಎತ್ತ ತಿರುಗಿತು, ಕೈ ಎಷ್ಟು ವೇಗದಲ್ಲಿ ಎದ್ದಿತು ಎಂಬುದೆಲ್ಲ ಕ್ಷಣಕ್ಷಣವೂ ತಿಳಿಯುತ್ತದೆ. ಇಲ್ಲದಿದ್ದರೆ ಬೊಂಬೆ ಅಲುಗುವುದೇ ಇಲ್ಲ. ೨೦೨೩ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಐವತ್ತು ಸಾವಿರಕ್ಕೂ ಹೆಚ್ಚು ಆಟಗಾರರ ನಡುವೆ ಒಬ್ಬನನ್ನು ಗುರುತಿಸಲು ಅವನ ತಲೆ ಮತ್ತು ಕೈಗಳ ನೂರು ಸೆಕೆಂಡಿನ ಚಲನೆ ಸಾಕಾಯಿತು. ನೂರಕ್ಕೆ ತೊಂಬತ್ತನಾಲ್ಕು ಸಲ ಗುರುತು ಸರಿಯಾಗಿತ್ತು. ಹೆಸರು ಬದಲಿಸಿ, ಬಣ್ಣ ಬದಲಿಸಿ, ಕತ್ತು ತಿರುಗಿಸುವ ರೀತಿ ಬದಲಿಸುವುದು ಹೇಗೆ? ಶರಣ ಬಂಧುಗಳೇ, ನೆರೆಯವನೆದುರು ಮುಸುಕು, ವ್ಯಾಪಾರಿಯೆದುರು ಬೆತ್ತಲೆ. ಇದು ಯಾವ ಧರ್ಮದ ಮಂಟಪ?

ಆ ವ್ಯಾಪಾರಿ ಅಲ್ಲಿ ಏನು ಮಾರುತ್ತಾನೆ, ಅದನ್ನೂ ನೋಡೋಣ. ಭೂಮಿ ಮಾರುತ್ತಾನೆ! ‘ಡಿಸೆಂಟ್ರಲ್ಯಾಂಡ್’ ಎಂಬ ಲೋಕದಲ್ಲಿ ಒಟ್ಟು ೯೦,೬೦೧ ತುಂಡು ನಿವೇಶನಗಳಿವೆ. ಏಕೆ ಅಷ್ಟೇ? ಅಲ್ಲಿ ಬೆಟ್ಟ ಅಡ್ಡ ಬಂದಿತೇ, ಸಮುದ್ರ ಅಡ್ಡ ಬಂದಿತೇ? ಕಂಪ್ಯೂಟರಿನಲ್ಲಿ ಒಂದು ಸೊನ್ನೆ ಹೆಚ್ಚಿಗೆ ಬರೆದರೆ ಹತ್ತು ಪಟ್ಟು ನೆಲ ಸಿಗುತ್ತದೆ. ಆದರೂ ಕೊರತೆಯನ್ನು ಬೇಕೆಂದೇ ನಿರ್ಮಿಸಿದ್ದಾರೆ, ಏಕೆಂದರೆ ಕೊರತೆ ಇಲ್ಲದೆ ಬೆಲೆ ಇಲ್ಲ. ೨೦೨೧ರ ನವೆಂಬರಿನಲ್ಲಿ ಅಲ್ಲಿನ ಒಂದು ಜಾಗ ಸುಮಾರು ೨೪ ಲಕ್ಷ ಡಾಲರಿಗೆ ಮಾರಾಟವಾಯಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ನಿಜವಾದ ಕೊರತೆಯ ನಡುವೆಯೂ ಸಾಕು ಎಂದವಳು ಲಕ್ಕಮ್ಮ. ಇವರು ಕೊರತೆಯೇ ಬೇಕಿಲ್ಲದ ಕಡೆ ಕೊರತೆ ಕಟ್ಟಿದರು.

ಕಾಯಕವೂ ಅಲ್ಲಿ ಹೇಗಾಗುತ್ತದೆ ನೋಡಿ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದಲ್ಲಿ ತರುಣರು ಹನ್ನೆರಡು ಗಂಟೆಯ ಪಾಳಿಯಲ್ಲಿ ಕೂತು, ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಲೋಕದಲ್ಲಿ ರಾಕ್ಷಸರನ್ನು ಕೊಂದು ಚಿನ್ನದ ನಾಣ್ಯ ಕೂಡಿಹಾಕುತ್ತಿದ್ದರು. ಆ ನಾಣ್ಯವನ್ನು ಮಾಲೀಕ ಮಾರುತ್ತಿದ್ದ. ಶ್ರೀಮಂತ ದೇಶಗಳ ಆಟಗಾರರು ಕೊಳ್ಳುತ್ತಿದ್ದರು. ಒಬ್ಬನಿಗೆ ಆಟ, ಇನ್ನೊಬ್ಬನಿಗೆ ಕೂಲಿ. ಬೆನ್ನುನೋವು ಮಾತ್ರ ವರ್ಚುಯಲ್ ಆಗಿರಲಿಲ್ಲ. ಬಡವ ಬಲ್ಲಿದ ಇಲ್ಲದ ಲೋಕ ಅಂದರೆ ಇದೇನೇ?

ಇನ್ನೂ ಒಂದು. ‘ಕ್ಲಬ್ ಪೆಂಗ್ವಿನ್’ ಎಂಬ ಮಕ್ಕಳ ಲೋಕ ೨೦೦೫ರಲ್ಲಿ ತೆರೆಯಿತು. ಲಕ್ಷಾಂತರ ಮಕ್ಕಳು ಅಲ್ಲಿ ಮನೆ ಕಟ್ಟಿಕೊಂಡು, ಗೆಳೆಯರನ್ನು ಮಾಡಿಕೊಂಡು ಬೆಳೆದರು. ೨೦೧೭ರ ಮಾರ್ಚಿನಲ್ಲಿ ಒಡೆಯರಾದ ಡಿಸ್ನಿಯವರು ಅದನ್ನು ಮುಚ್ಚಿದರು. ಮಕ್ಕಳು ಕಟ್ಟಿಕೊಂಡಿದ್ದೆಲ್ಲ ಆರಿಹೋಯಿತು. ಕಲ್ಯಾಣವೂ ಹಾಳಾಯಿತು. ಆದರೆ ವಚನದ ಕಟ್ಟುಗಳನ್ನು ಹೊತ್ತುಕೊಂಡು ಕಾಡು ದಾಟಿ ಉಳವಿಯತ್ತ ನಡೆಯಲು ಶರಣರಿಗೆ ಹೆಗಲಿತ್ತು, ಕಾಲಿತ್ತು. ಕಲ್ಯಾಣ ಯಾರದೋ ಸರ್ವರಿನಲ್ಲಿ ಇದ್ದಿದ್ದರೆ ಬಿಜ್ಜಳನಿಗೆ ಸೈನ್ಯ ಬೇಕಾಗುತ್ತಿರಲಿಲ್ಲ, ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು.

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಹೇಳಬೇಕು. ಗೋಷ್ಠಿಯಲ್ಲಿ ನಾನು ಹೇಳಲಿಲ್ಲ, ಅದು ನನ್ನ ತಪ್ಪು. ನಾರ್ವೆ ದೇಶದಲ್ಲಿ ಮ್ಯಾಟ್ಸ್ ಸ್ಟೀನ್ ಎಂಬ ತರುಣನಿದ್ದ. ಸ್ನಾಯುಗಳು ಕ್ಷೀಣಿಸುವ ಹುಟ್ಟುರೋಗ, ಗಾಲಿಕುರ್ಚಿಯ ಜೀವನ. ೨೦೧೪ರಲ್ಲಿ, ೨೫ನೆಯ ವಯಸ್ಸಿಗೆ ತೀರಿಕೊಂಡ. ಮಗನಿಗೆ ಗೆಳೆಯರೇ ಇರಲಿಲ್ಲ ಎಂದು ತಂದೆತಾಯಿ ಕೊರಗುತ್ತಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಬೇರೆ ಬೇರೆ ದೇಶಗಳಿಂದ ಪತ್ರಗಳು ಬಂದವು. ಅದೇ ವಾರ್‌ಕ್ರಾಫ್ಟ್ ಲೋಕದಲ್ಲಿ ಅವನು ವರ್ಷಗಟ್ಟಲೆ ಜನರ ಕಷ್ಟ ಕೇಳಿದ್ದ, ಬುದ್ಧಿ ಹೇಳಿದ್ದ, ಪ್ರೀತಿ ಗಳಿಸಿದ್ದ. ೨೦೨೪ರಲ್ಲಿ ಅವನ ಕುರಿತ ಸಾಕ್ಷ್ಯಚಿತ್ರವೂ ತೆರೆಕಂಡಿದೆ. ಇದನ್ನು ಓದಿ ನನ್ನ ಕಣ್ಣು ತೇವವಾಯಿತು. ಹಾಸಿಗೆ ಹಿಡಿದವರಿಗೆ, ದೂರದೇಶದಲ್ಲಿ ಒಂಟಿಯಾದವರಿಗೆ ಈ ಬಾಗಿಲು ಮುಚ್ಚಬೇಕೆಂದು ನಾನು ಹೇಳಿದರೆ ನನ್ನ ಎದೆ ಕಲ್ಲು ಎಂದರ್ಥ.

ಆದರೆ ಆ ಕಥೆಯ ಕೊನೆಯನ್ನೂ ಓದಿ. ಆ ಗೆಳೆಯರಲ್ಲಿ ಕೆಲವರು ಬೇರೆ ದೇಶಗಳಿಂದ ಹೊರಟು ಅವನ ಅಂತ್ಯಕ್ರಿಯೆಗೆ ಬಂದು ನಿಂತರು. ತೆರೆಯ ಮೇಲೆ ಹೂವಿಟ್ಟು ಸುಮ್ಮನಾಗಲಿಲ್ಲ. ಆ ಲೋಕದ ಸ್ನೇಹ ನಿಜವಾಗಿತ್ತು ಎಂಬುದಕ್ಕೆ ಸಾಕ್ಷಿ ಏನೆಂದರೆ, ಹೊತ್ತು ಬಂದಾಗ ಅದು ಆ ಲೋಕವನ್ನು ಬಿಟ್ಟು ಎದ್ದು ಬಂತು. ನನ್ನ ಅಳತೆಗೋಲು ಇಷ್ಟೇ: ಹೊರಗೆ ಕರೆತರುವ ಬಾಗಿಲಾದರೆ ಇರಲಿ, ಒಳಗೆ ಕೂಡಿಹಾಕುವ ಬಾಗಿಲಾದರೆ ಬೇಡ.

ಈಗ ನಾನು ಹೇಳಲು ಹಿಂಜರಿಯುತ್ತಿದ್ದ ಮಾತು.

ನಮ್ಮ ಪ್ರಸಾದ ನಿಲಯದಲ್ಲಿ ಒಬ್ಬ ಹುಡುಗನಿದ್ದಾನೆ, ಒಂಬತ್ತನೆಯ ತರಗತಿ. ರಾತ್ರಿಯೆಲ್ಲ ಮೊಬೈಲಿನಲ್ಲಿ ಯಾವುದೋ ಆಟದ ಲೋಕದಲ್ಲಿ ಮುಳುಗಿರುತ್ತಾನೆಂದು ವಾರ್ಡನ್ ದೂರು ತಂದರು. ಬುದ್ಧಿ ಹೇಳಲು ಕರೆದೆ. ‘ಅದರಾಗ ಏನೈತಪ್ಪಾ ಅಂಥಾದ್ದು?’ ಎಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ಅಲ್ಲಿ ಯಾರೂ ನನ್ನ ಅಡ್ಡಹೆಸರು ಕೇಳೂದಿಲ್ರೀ ಸರ್.’

ಬಂದ ಮೊದಲ ದಿನ ನಮ್ಮ ಪಂಕ್ತಿಯಲ್ಲಿ ಪಕ್ಕದ ಹುಡುಗ ಇವನ ಅಡ್ಡಹೆಸರು ಕೇಳಿದ್ದನಂತೆ. ಕೇಳಿ, ತಟ್ಟೆ ಎತ್ತಿಕೊಂಡು ಎರಡು ಮೊಳ ಆಚೆ ಹೋಗಿ ಕೂತಿದ್ದನಂತೆ. ಬಡಿಸುವವರು ನೋಡಿದ್ದರು. ಯಾರೂ ಏನೂ ಅನ್ನಲಿಲ್ಲ. ಗೋಡೆಯ ಮೇಲೆ ಬಸವಣ್ಣನವರ ಪಟವಿತ್ತು.

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಹುಡುಗ ಮಾಯಾಲೋಕಕ್ಕೆ ಓಡಿದ್ದು ಅದರ ಮೋಡಿಯಿಂದಲ್ಲ. ನಾವು ಅಟ್ಟಿದೆವು. ಕಂಪನಿ ಮಾಡಿದ್ದು ಇಷ್ಟೇ: ನಾವು ಮುಚ್ಚಿದ ಬಾಗಿಲ ಪಕ್ಕ ತನ್ನ ಅಂಗಡಿ ತೆರೆಯಿತು. ವರ್ಚುಯಲ್ ಮಂಟಪದ ಸಲಹೆಗೆ ಚಪ್ಪಾಳೆ ತಟ್ಟಿದ ಅದೇ ಸಭಾಭವನದ ಹೊರಗೋಡೆಯ ಮೇಲೆ ವಧುವರರ ಪಟ್ಟಿ ಅಂಟಿಸಿತ್ತು, ಒಳಪಂಗಡದ ಹೆಸರಿನ ಪ್ರಕಾರ ವಿಂಗಡಿಸಿ. ಪಂಚಮಸಾಲಿ ಒಂದು ಕಡೆ, ಬಣಜಿಗ ಒಂದು ಕಡೆ, ಜಂಗಮ ಒಂದು ಕಡೆ. ಗೋಡೆಯ ಹೊರಗೆ ಈ ಪಟ್ಟಿ, ಒಳಗೆ ಜಾತಿಯಿಲ್ಲದ ಲೋಕದ ಕನಸು! ಆ ಕನಸಿಗೆ ನಾವೇಕೆ ಅಷ್ಟು ಬೇಗ ದುಡ್ಡು ಬಿಚ್ಚಿದೆವೆಂದು ಆಗ ನನಗೆ ಹೊಳೆಯಿತು. ಪಟ್ಟಿಯನ್ನು ಹರಿಯುವುದಕ್ಕಿಂತ ಹೆಡ್‌ಸೆಟ್ ಕೊಳ್ಳುವುದು ಸುಲಭ.

ಆದ್ದರಿಂದ ನನ್ನ ಬೇಡಿಕೆಗಳು ನಾಲ್ಕು. ದಾನಿಗಳು ಕೊಡಲು ಒಪ್ಪಿದ ಹಣದಲ್ಲಿ ಮೊದಲು ಅಡುಗೆಮನೆಯ ಛಾವಣಿ ಆಗಲಿ. ಎರಡನೆಯದು, ಪ್ರತಿ ಗೋಷ್ಠಿಯ ದಿನ ಸಹಪಂಕ್ತಿ ನಡೆಯಲಿ. ಹಿರಿಯರು ಬಡಿಸಲಿ, ಯಾರು ಎಲ್ಲಿ ಕೂರಬೇಕೆಂಬುದನ್ನು ಮಕ್ಕಳು ಚೀಟಿ ಎತ್ತಿ ನಿರ್ಧರಿಸಲಿ. ಮೂರನೆಯದು, ಗೋಡೆಯ ಮೇಲಿನ ಪಟ್ಟಿಯಲ್ಲಿ ಒಳಪಂಗಡದ ಕಾಲಮ್ಮು ಹೋಗಲಿ. ನಾಲ್ಕನೆಯದು ಆ ತರುಣನಿಗೆ. ಗೋಷ್ಠಿಗೆ ಬರಲಾಗದ ವೃದ್ಧರಿಗೆ, ರೋಗಿಗಳಿಗೆ, ಪರದೇಶದವರಿಗೆ ಅವನು ತನ್ನ ಜಾಣ್ಮೆಯಿಂದ ದಾರಿ ಮಾಡಿಕೊಡಲಿ, ಅವರ ಸ್ವಂತ ಹೆಸರು, ಸ್ವಂತ ಮುಖದೊಂದಿಗೆ. ತಿಂಗಳಿಗೊಮ್ಮೆ ಅವರ ಮನೆಗೆ ನಮ್ಮಲ್ಲೊಬ್ಬರು ನಡೆದು ಹೋಗಲಿ. ಮಕ್ಕಳನ್ನು ಮಾತ್ರ ಇದರಿಂದ ದೂರ ಇಡಲಿ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ನಡವಳಿಕೆಯ ಜಾಡು ಹಿಡಿಯಬಾರದೆಂದು ಹೇಳಿದೆ. ಸರ್ಕಾರಕ್ಕಿರುವ ಎಚ್ಚರ ಮಠಕ್ಕೆ ಬೇಡವೇ?

ಹುಡುಗನ ಮೊಬೈಲನ್ನು ನಾನು ಕಸಿದುಕೊಳ್ಳಲಿಲ್ಲ. ಆ ಹಕ್ಕು ನಮಗೆ ಇನ್ನೂ ಬಂದಿಲ್ಲ. ಅಂದಿನಿಂದ ರಾತ್ರಿಯ ಊಟಕ್ಕೆ ಪ್ರಸಾದ ನಿಲಯಕ್ಕೆ ಹೋಗಿ ಅವನ ಪಕ್ಕ ಕೂತು ಉಣ್ಣುತ್ತಿದ್ದೇನೆ. ಮೊಣಕಾಲು ಮಡಿಸಿ ನೆಲಕ್ಕೆ ಕೂರುವಾಗ ನೋಯುತ್ತದೆ. ಮೊನ್ನೆ ಏಳುವಾಗ ಅವನು ಕೈ ಕೊಟ್ಟ.

ಮುಂದಿನ ಗೋಷ್ಠಿಗೆ ಆ ಎಂಜಿನಿಯರ್ ತರುಣನೂ ಬರಲಿ, ಇಬ್ಬರು ದಾನಿಗಳೂ ಬರಲಿ. ಹೆಡ್‌ಸೆಟ್ಟನ್ನು ಕಟ್ಟೆಯ ಮೇಲಿಟ್ಟು ಎಲೆಯ ಮುಂದೆ ಕೂರಲಿ. ಪಕ್ಕದಲ್ಲಿ ಯಾರಿದ್ದಾರೆಂದು ಕಣ್ಣು ತುಂಬ ನೋಡಲಿ. ನೋಡಿದ ಮೇಲೂ ಸರಿಯದೆ ಕೂತರೆ, ಅಲ್ಲಿಗೆ ಮಂಟಪ ಕಟ್ಟಿ ಮುಗಿಯಿತು.